ಕಾವು

ಪುಯಿಂತೆಲ್ ತಿಂಗಳ ಬೆಳಗು. ಹರೇಕಳದ ಕಡವಿನಲ್ಲಿ
ದೋಣಿ ಕಾಣದಷ್ಟು ಮಂಜು.
ಮೂವತ್ತೊಂದು ವರ್ಷ ಔಷಧಿ ಕಟ್ಟಿಕೊಟ್ಟವನು, ಅಭ್ಯಾಸ ಬಿಡುವುದಿಲ್ಲ:
ಜ್ವರದ ಕಡ್ಡಿ ಒರೆಸಿ, ಎರಡು ಸಲ ಕೊಡವಿ,
ಇಬ್ಬುಡ್ಲಿನ ಏರಿಯಲ್ಲಿ ಚುಚ್ಚಿ, ಕುಕ್ಕರುಗಾಲಲ್ಲಿ ಕೂತೆ.
ಪಾದರಸ ಕದಲಲಿಲ್ಲ.
ಮೂವತ್ತೈದರ ಕೆಳಗೆ ಆ ಕಡ್ಡಿಗೆ ಲೋಕವೇ ಇಲ್ಲ.

ಬೇಲಿಯಾಚೆಯಿಂದ ಆಪೊಲಿನ್ ಬಾಯಿ:
“ಏನು ಕಂಪೌಂಡ್ರೇ, ಮಣ್ಣಿಗೆ ಜ್ವರ ಉಂಟಾ?”
“ಇಲ್ಲ ಬಾಯಿ. ಇರಬೇಕಿತ್ತು.”

ನಲವತ್ತು ಬೀಜ ಊರಿದ್ದೆ, ಎದ್ದದ್ದು ಹನ್ನೊಂದು.
ಉಳಿದವನ್ನು ಉಗುರಲ್ಲಿ ಕೆದಕಿದರೆ
ಸಿಪ್ಪೆಯೊಳಗೆ ತಣ್ಣನೆ ನೀರು,
ಮೂರು ದಿನದ ಬಂಗುಡೆಯ ಕಣ್ಣಿನ ಹಾಗೆ ಬೆಳ್ಳಗೆ.
ಆಮೇಲೆ ಹಂಪನಕಟ್ಟೆಯ ಅಂಗಡಿಯವನ ಮಾತು ಕೇಳಿ
ಕರೀ ಪ್ಲಾಸ್ಟಿಕ್ ಹೊದೆಸಿದೆ. ಅದೋ,
ಬೆಳಿಗ್ಗೆ ಬೆವರಿ, ಮಧ್ಯಾಹ್ನ ಒಲೆಯಾಗಿ,
ತೂತಿನ ಅಂಚಿಗೆ ತಾಗಿದ ಎಳೆ ಕಾಂಡಗಳನ್ನು ಬೇಯಿಸಿಬಿಟ್ಟಿತು.

ಬಾಯಿ ಇನ್ನೂ ಬಿತ್ತಿಯೇ ಇರಲಿಲ್ಲ.
ಏರಿಯನ್ನು ಮೂಡಲ ಬಿಸಿಲಿಗೆ ವಾಲಿಸಿ, ಒಲೆಯ ಬೂದಿ ಎರಚಿ,
ದಿನಾ ಬೆಳಿಗ್ಗೆ ಮಂಡಿಯೂರಿ ಮೊಣಕೈ ಇಳಿಸುತ್ತಿದ್ದರು,
ಬಾಣಂತಿ ಕೋಣೆಯಲ್ಲಿ ಮಗುವಿನ ನೀರು ನೋಡುವ ಹಾಗೆ.
“ಅಂಗೈಗೆ ಬಿಸಿ ಗೊತ್ತಾಗುವುದಿಲ್ಲ ಮಾರಾಯ್ರೆ.
ಇಪ್ಪತ್ತೆರಡು ವರ್ಷ ಜೆಪ್ಪಿನಲ್ಲಿ
ಗೂಡಿನಿಂದ ಹಂಚು ಎಳೆದ ಕೈ ಇದು.”
ತೋರಿಸಿದರು. ರೇಖೆಗಳು ಅರ್ಧಕ್ಕೇ ನಿಂತಿದ್ದವು,
ಯಾವ ಜೋಯಿಸನಿಗೂ ಅಲ್ಲಿ ಕೆಲಸವಿಲ್ಲ.

ಒಂದು ದಿನ ಮೊಣಕೈ “ಆಯಿತು” ಅಂದಿತು.
ಮೊಮ್ಮಗಳ ಶಾಲೆಯಿಂದ ಎರವಲು ತಂದ ಕಡ್ಡಿ
ಅವತ್ತು ಇಪ್ಪತ್ತಾರು ತೋರಿಸಿತು. ನಾನು ಹೇಳಲಿಲ್ಲ,
ಅವರು ಕೇಳಲೂ ಇಲ್ಲ.
ಬೀಜವನ್ನು ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ
ಕಾವಿಗೆ ಕೂತ ಹೇಂಟೆಯ ಬುಟ್ಟಿಗೆ ತುರುಕಿದರು.
ಹೇಂಟೆ ಗುರ್ರೆಂದಿತು, ಒಮ್ಮೆ ಕುಟುಕಿತು,
ಆಮೇಲೆ ತನ್ನದೇ ಅಂದುಕೊಂಡಿತು.
ಮೂರನೆಯ ಬೆಳಿಗ್ಗೆ ಗಂಟು ಬಿಚ್ಚಿದರೆ
ಎಲ್ಲಕ್ಕೂ ಬಿಳಿ ಮೂತಿ.

ಕಾವು ಅಂದರೆ ಬಿಸಿ. ಕಾವು ಅಂದರೆ ಕೋಳಿ ಕೂರುವುದು.
ಗುದ್ದಲಿಯ ಹಿಡಿಗೂ ಕಾವು ಎಂದೇ ಹೆಸರು.
ನನಗೆ ಆ ಕೊನೆಯದು ಮಾತ್ರ ಗೊತ್ತಿತ್ತು.

“ಸಂಜೆ ನೀರು ಹೊಯ್ಯಬೇಡಿ,” ಅಂದರು,
“ಮಣ್ಣು ರಾತ್ರಿಯೆಲ್ಲ ನಡುಗುತ್ತದೆ.”

ಮಿಡಿ ಕಚ್ಚಿದ ಮೇಲೆ ಒಂದೊಂದರ ಅಡಿಗೂ
ಒಂದೊಂದು ಹಂಚಿನ ಚೂರು.
ಮುಚ್ಚಿದ ಕಾರ್ಖಾನೆಯ ಹಿತ್ತಿಲಿಂದ ಹೊತ್ತು ತಂದದ್ದು,
ಬಾಕಿ ಕೂಲಿಯ ಲೆಕ್ಕಕ್ಕೆ, ಎಂದು ನಗುತ್ತಾರೆ.
ಹಗಲು ಕುಡಿದ ಬಿಸಿಲನ್ನು ಹಂಚು
ಇರುಳಿಡೀ ಹಂಚುತ್ತದೆ.
ರಾತ್ರಿ ಹತ್ತಕ್ಕೆ ಟಾರ್ಚು ಹಿಡಿದು ಹೋಗಿ, ಕದ್ದು ಮುಟ್ಟಿದೆ:
ಆಗಷ್ಟೇ ಯಾರೋ ಎದ್ದುಹೋದ ಕುರ್ಚಿಯ ಹಾಗೆ ಬೆಚ್ಚಗಿತ್ತು.

ಪಗ್ಗುವಿಗೆ ನನ್ನದು ನಾಲ್ಕು ಹಣ್ಣು,
ಒಂದನ್ನು ಇಲಿ ತಿಂದಿತ್ತು.
ಅವರದ್ದನ್ನು ಎಣಿಸಲು ಬಿಡಲಿಲ್ಲ. ದೃಷ್ಟಿಯಾಗುತ್ತದಂತೆ.
ಇವತ್ತೋ ನಾಳೆಯೋ ಬಿರಿಯುವ ದೊಡ್ಡದೊಂದನ್ನು
ಬೇಲಿ ದಾಟಿಸಿ ನನ್ನ ಕೈಗಿಟ್ಟರು. ಮಗುಚಿದೆ.
ಹಳದಿ ಹೊಟ್ಟೆಯ ಮೇಲೆ ಹಂಚಿನ ಮೊಹರು ಒತ್ತಿತ್ತು:
ಐದಾರು ಅಕ್ಷರ, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ,
ಹಂಚು ಮುರಿದಲ್ಲಿ ಹೆಸರೂ ಮುರಿದಿತ್ತು.
ಕನ್ನಡಿ ತರುತ್ತೇನೆಂದು ಎದ್ದೆ.

“ಕನ್ನಡಿ ಯಾಕೆ?”
ಶಾಲೆಯ ಮೆಟ್ಟಿಲು ಹತ್ತದ, ಪೆನ್ಷನ್ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ
ಆಪೊಲಿನ್ ಬಾಯಿ
ಹಣ್ಣನ್ನು ಮಡಿಲಿಗೆಳೆದುಕೊಂಡು
ಒಂದೊಂದೇ ಅಕ್ಷರ ಗಟ್ಟಿಯಾಗಿ ಓದಿದರು.
“ಅಚ್ಚಿನಲ್ಲಿ ಹೀಗೇ ಇದ್ದದ್ದು.
ಮನೆಯಲ್ಲಿ ಬೆಲ್ಲ ಉಂಟಲ್ಲ?”